ಅಂದಿನ ಮೋಡದ ಚಿತ್ರ

ಬಂದರಿನ ಹವಾಮಾನ ಕಚೇರಿಯಲ್ಲಿ ಕೆಲಸಕ್ಕಿದ್ದ ಆಕೆಯನ್ನು ಮೀನುಗಾರರೆಲ್ಲ ಮೋಡದಕ್ಕ ಎಂದೇ ಕರೆಯುತ್ತಿದ್ದರು. ಗಾಳಿಯ ವೇಗ, ಮಳೆಯ ಅಳತೆ ನೋಡಿ ಮೇಲಿನವರಿಗೆ ತಿಳಿಸುವುದು ಆಕೆಯ ಕೆಲಸ. ಉಪಗ್ರಹ ತೆಗೆದ ಮೋಡದ ಚಿತ್ರಗಳು ಆಗೆಲ್ಲ ರಾಜಧಾನಿಯ ಕಚೇರಿಗೆ ಮಾತ್ರ ಸಿಗುತ್ತಿದ್ದವು. ಅವನ್ನು ನೋಡಿ ಅಲ್ಲಿಯವರು ಬರೆದ ಮುನ್ಸೂಚನೆ ಇಲ್ಲಿಗೆ ತಲುಪುವಷ್ಟರಲ್ಲಿ ಮರುದಿನವಾಗಿ, ಆ ಮಳೆ ಬಂದು ನೆಲವೂ ಒಣಗಿರುತ್ತಿತ್ತು.

ಗಂಡ ದೋಣಿಗಳ ಇಂಜಿನ್ ರಿಪೇರಿ ಮಾಡುವವನು. ಒಳ್ಳೆಯ ಬಿಸಿಲಿದ್ದ ಒಂದು ಬೆಳಿಗ್ಗೆ ಇಂಜಿನ್ ಪರೀಕ್ಷಿಸಲೆಂದು ದೋಣಿ ಹತ್ತಿ ಹೋದವನು ಸಂಜೆಯ ಬಿರುಗಾಳಿಗೆ ಸಿಕ್ಕಿ ಮರಳಲಿಲ್ಲ. "ಹೀಗಾಗತ್ತೆ ಅಂತ ಯಾರಿಗೆ ಗೊತ್ತಿತ್ತಮ್ಮ?" ಎಂದು ಬಂದವರೆಲ್ಲ ಸಮಾಧಾನ ಹೇಳಿದರು. ಆಕೆ ಆ ಒಂದು ಮಾತನ್ನೇ ಗಟ್ಟಿಯಾಗಿ ಹಿಡಿದುಕೊಂಡು ವರ್ಷಗಳನ್ನು ದೂಡಿದಳು. ಮನೆಯಲ್ಲಿ ಉಳಿದವರು ಆಕೆ ಮತ್ತು ನಾದಿನಿ. ಇಬ್ಬರೂ ಅವನ ಸುದ್ದಿ ಎತ್ತುತ್ತಿರಲಿಲ್ಲ.

ಕೊನೆಗೊಮ್ಮೆ ಈ ಕಚೇರಿಯ ತಾರಸಿಗೂ ಉಪಗ್ರಹದ ಚಿತ್ರಗಳನ್ನು ನೇರವಾಗಿ ಹಿಡಿಯುವ ಡಿಶ್ ಬಂತು. ಕಲಿಸಿಕೊಡಲು ಬಂದ ಎಂಜಿನಿಯರ್ ಮಾತುಗಾರ.

"ಉಪಗ್ರಹ ಇರೋ ದೇಶದೋರು ಈಗ ನಮ್ಮಂಥ ದೇಶಗಳಿಗೂ ಎಲ್ಲ ಫ್ರೀ ಮಾಡಿದಾರೆ ಮೇಡಂ. ಹಳೇ ಚಿತ್ರಗಳೂ ಸಿಗ್ತವೆ. ನಿಮ್ಮ ಮದುವೆ ದಿನ ಮೋಡ ಇತ್ತಾ ಅಂತಾನೂ ನೋಡ್ಬಹುದು!"

ಆಕೆಯೂ ನಕ್ಕಳು. ಎಲ್ಲರೂ ಊಟಕ್ಕೆ ಹೋದ ಮೇಲೆ ಕುರ್ಚಿ ಎಳೆದುಕೊಂಡು ಕುಳಿತು ತಾರೀಕು ಒತ್ತಿದಳು. ಮದುವೆಯ ದಿನದ್ದಲ್ಲ.

ಪರದೆಯ ಮೇಲೆ ಕರಾವಳಿ ಮೂಡಿತು. ಊರಿನ ಮೇಲೆ ಒಂದು ಚೂರೂ ಮೋಡವಿಲ್ಲ. ಆದರೆ ದೂರದ ಕಡಲಲ್ಲಿ ಬೆಳ್ಳಗೆ ಸುತ್ತಿಕೊಂಡು ಆ ಬಿರುಗಾಳಿ ಬರುತ್ತಿತ್ತು. ಅವನು ಊಟದ ಡಬ್ಬಿ ಹಿಡಿದು ಮೆಟ್ಟಿಲಿಳಿದ ಹೊತ್ತಿನ ಚಿತ್ರವದು. ಅಷ್ಟು ಎತ್ತರದಿಂದ ತೆಗೆದ ಚಿತ್ರದಲ್ಲಿ ದೋಣಿ ಕಾಣುವುದಿಲ್ಲವೆಂದು ಆಕೆಗೆ ಚೆನ್ನಾಗಿ ಗೊತ್ತು. ಆದರೂ ಪರದೆಗೆ ಮೂಗು ತಾಗುವಷ್ಟು ಬಗ್ಗಿ ಹುಡುಕಿದಳು.

"ಯಾಕತ್ತಿಗೆ, ಮುಖ ಹೀಗಿದೆ?" ಎಂದು ಸಂಜೆ ನಾದಿನಿ ಕೇಳಿದಳು.

"ತಲೆನೋವು ಕಣೆ."

ಮಳೆಗಾಲಕ್ಕೆ ಮುಂಚೆ ಒಂದು ದಿನ ಪರದೆಯ ಮೇಲೆ ಹಾಗೆಯೇ ಮೋಡ ಸುತ್ತಿಕೊಂಡಿತು. ಆಕೆ ವೈರ್‌ಲೆಸ್ಸಿನಲ್ಲಿ ಗಂಟಲು ಕಟ್ಟುವವರೆಗೂ ಕೂಗಿ ದೋಣಿಗಳನ್ನು ಹಿಂದಕ್ಕೆ ಕರೆಸಿದಳು. ಬಿರುಗಾಳಿ ಬೇರೆ ದಿಕ್ಕಿಗೆ ಹೊರಳಿತು. ದಡಕ್ಕೆ ನಾಲ್ಕು ಹನಿಯೂ ಬೀಳಲಿಲ್ಲ.

"ಎಲ್ಲಕ್ಕಾ ನಿನ್ನ ಬಿರುಗಾಳಿ? ಬಲೆ ಬಿಟ್ಟು ಓಡಿ ಬಂದ್ವಲ್ಲ!" ಎಂದು ದೋಣಿಯವನೊಬ್ಬ ಕಚೇರಿಯ ಬಾಗಿಲಲ್ಲೇ ಹರಿಹಾಯ್ದ.

"ಬೈಯಪ್ಪ, ಎಷ್ಟು ಬೇಕಾದ್ರೂ ಬೈ," ಎಂದಳು. ಅವನು ಗೊಣಗುತ್ತ, ಕಟ್ಟೆಯ ಮೇಲೆ ಕಾಯುತ್ತಿದ್ದ ಹೆಂಡತಿಯ ಜೊತೆ ಮನೆಗೆ ಹೋದ. ಅವರಿಬ್ಬರೂ ತಿರುವಿನಲ್ಲಿ ಮರೆಯಾಗುವವರೆಗೆ ಆಕೆ ಕಿಟಕಿಯಲ್ಲಿ ನಿಂತಿದ್ದಳು.

ಅಂದು ಅಡುಗೆಮನೆಯಲ್ಲಿ ನಾದಿನಿಗೆ ಆ ಹಳೆಯ ಚಿತ್ರದ ಸುದ್ದಿಯನ್ನೆಲ್ಲ ಹೇಳಿಬಿಟ್ಟಳು.

"ಯಾರಿಗೂ ಗೊತ್ತಿರಲಿಲ್ಲ ಅಂತಿದ್ರಲ್ಲ... ಹಾಗಾದ್ರೆ ಅಣ್ಣ ಹೊರಟಾಗ, ಬೆಳಿಗ್ಗೇನೇ ಕಾಣ್ತಿತ್ತಾ?"

"ಕಾಣ್ತಿತ್ತು. ನಮಗೆ ತೋರಿಸೋರು ಇರಲಿಲ್ಲ."

ನಾದಿನಿ ಒಲೆ ಆರಿಸಿ, ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಆಕೆ ಇಬ್ಬರಿಗೂ ಬಡಿಸಿಟ್ಟು ಕಾದಳು. ಒಂದೆರಡು ಸಲ ಕರೆದಳು. ಊಟ ಆರಿತು, ಬಾಗಿಲು ತೆರೆಯಲಿಲ್ಲ.