ಬೆಳಗದ ತಂತಿ

ಕಾಳಗಿ ಕಡೆಯ ಒಂದು ಹಳ್ಳಿಗೆ ಬಾವಿ ನೀರಿನ ಪರೀಕ್ಷೆಗೆ ಹೋಗಿದ್ದೆ. ನಮ್ಮ ಡಬ್ಬಿಯೊಳಗೆ ಒಂದು ತಂತಿ. ಅದರ ಒಂದು ತುದಿ ನೀರಿನಲ್ಲಿ, ಇನ್ನೊಂದು ರಾಸಾಯನಿಕದಲ್ಲಿ. ನೀರಿನಲ್ಲಿ ವಿಷದ ಲೋಹ ಚೂರೇ ಚೂರಿದ್ದರೂ, ಕರೆಂಟು ಹರಿಸಿದಾಗ ಆಚೆ ತುದಿ ಬೆಳಗಬೇಕು.

"ನೀವು ಕುಡಿಯೋ ಬಾವಿ ನೀರು ತರ್ರಿ" ಅಂದೆ. ಮನೆಯಾಕೆ ಶರಣಮ್ಮ ತಂಬಿಗೆ ತುಂಬ ತಂದಿಟ್ಟಳು.

ಕತ್ತಲಿಗೆಂದು ಕಂಬಳಿ ಮುಸುಕು ಹಾಕಿಕೊಂಡು ನೋಡಿದೆ. ಬೆಳಕಿಲ್ಲ. ಓಣಿಯ ಉಳಿದೆಲ್ಲ ಮನೆಗಳ ನೀರಿಗೆ ಬೆಳಗಿದ್ದು ಇಲ್ಲೇಕಿಲ್ಲ? ಬ್ಯಾಟರಿ ಬದಲಿಸಿದೆ, ತಂತಿ ಉಜ್ಜಿದೆ, ಡಬ್ಬಿಗೆ ಎರಡೇಟು ಕೊಟ್ಟೆ. ಕೊನೆಗೆ ಬೆವರಲ್ಲಿ ತೊಯ್ದು ಹೊರಬಂದು, "ಹಾಳಾದ್ದು, ಕೆಟ್ಟದ!" ಎಂದು ಚೀರಿದೆ.

"ಯಾವ್ದ್ರಿ, ನೀರಾ?" ಶರಣಮ್ಮ ಗಾಬರಿಯಾದಳು. "ಅದು ಫಿಲ್ಟರ್ ಕ್ಯಾನಿಂದ್ರಿ, ಚಲೋದೇ ಅದ."

"ಬಾವೀದು ಕೇಳಿದ್ನಲ್ಲವ್ವ!"

"ಮನೀಗಿ ಬಂದೋರಿಗಿ ಆ ನೀರು ಹ್ಯಾಂಗ ಕೊಡಬೇಕ್ರಿ? ಅದು ನಾವು ಕುಡಿಯಾದು."

ಬಾವಿಯ ನೀರು ಹಾಕಿದ್ದೇ ತಡ, ತುದಿ ನೀಲಿಯಾಗಿ ಬೆಳಗಿತು.

ನಮ್ಮ ವರದಿಯಲ್ಲಿ ನೀರಿನ ದೋಷ ಪತ್ತೆ ಹಚ್ಚಿದವರ ಹೆಸರು ಬರೆಯಲು ಒಂದು ಜಾಗವಿದೆ. ಅಲ್ಲಿ ನನ್ನ ಹೆಸರನ್ನೇ ಬರೆದೆ. ಶರಣಮ್ಮನ ಮಾತು ನೆನಪಾಗಿ ಪೆನ್ನು ಮಾತ್ರ ಎರಡು ಸಲ ತಡವರಿಸಿತು.