ತುಳಿಯಲೆಂದು ಮಾಡಿದ ಚಿತ್ರ

ಸಿಸ್ಟರ್ ಅವರ ಬಲಗೈಯ ತೋರುಬೆರಳಿನ ತುದಿ ಸೀಳಿರುತ್ತಿತ್ತು. ಸೀಳಿನೊಳಗೆ ಕಲ್ಲಿನ ಬಿಳಿ ಪುಡಿ ಕೂತು, ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ಆ ಬೆಳಿಗ್ಗೆ ರಾಜಾಜಿನಗರದ ನಮ್ಮ ಬಾಡಿಗೆ ಪೋರ್ಷನ್ನಿನ ಮುಂದೆ ನೀರು ಹಾಕಿ, ಹಾಲಿನ ಬಾಟಲಿಗಳನ್ನು ಒಳಗಿಟ್ಟು, ಮಾವನವರ ಪೂಜೆಗೆ ವಿಭೂತಿ, ಪತ್ರೆ ಅಣಿಮಾಡಿ ರಂಗೋಲಿ ಬಿಡಲು ಕೂತಾಗ, ನನ್ನ ಬೆರಳಿಗಂಟಿದ ಪುಡಿ ಕಂಡು ಅವರದೇ ನೆನಪಾಯಿತು. ಎಳೆ ಮುಗಿಯುವ ಮೊದಲೇ ಕಾನ್ವೆಂಟಿನ ಆಯಾ ಗೇಟಿನ ಹೊರಗೆ ಬಂದು ನಿಂತಳು.

"ಸಿಸ್ಟರ್ ಹೋಗ್ಬಿಟ್ರು ಕಣಮ್ಮಾ. ದಮ್ಮು ಜಾಸ್ತಿ ಆಗಿತ್ತು."

ನಾನು ಎರಡು ಜಡೆಯ ಹುಡುಗಿಯಾಗಿದ್ದಾಗ ಆ ಕಾನ್ವೆಂಟಿನ ಶಾಲೆಯಲ್ಲಿ ನನಗೆ ಕಸೂತಿ, ಚಿತ್ರಕಲೆ ಕಲಿಸಿದವರು ಈ ಸಿಸ್ಟರ್. ಇಟಲಿಯ ಸಿಯೆನಾ ಎಂಬ ಗುಡ್ಡದ ಊರಿನವರು. ಕನ್ನಡವನ್ನು ಆಯಾಗಳಿಂದ, ಸೊಪ್ಪು ಮಾರುವವರಿಂದ ಕಲಿತಿದ್ದರಿಂದ ಗದರುವುದು ಚೆನ್ನಾಗಿ ಬರುತ್ತಿತ್ತು, ಮರ್ಯಾದೆಯ ಮಾತು ಮಾತ್ರ ಎಲ್ಲೆಲ್ಲಿಗೋ ಹೋಗುತ್ತಿತ್ತು. ಬೆಕ್ಕಿಗೆ "ನೀವು ಆಚೆ ನಡೀರಿ" ಅನ್ನುವರು, ಶಾಲೆ ನೋಡಲು ಬಂದ ಇನ್ಸ್‌ಪೆಕ್ಟರಿಗೆ "ಬಾರಪ್ಪಾ, ಕೂತ್ಕೋ."

ಮದುವೆಯಾಗಿ ನಾನು ಶಾಲೆಯ ಹಿಂದಿನ ಬೀದಿಗೇ ಬಂದೆ. ಮಧ್ಯಾಹ್ನ ಅತ್ತೆ ಮಲಗಿದ ಮೇಲೆ ಅವರ ಹತ್ತಿರ ಹೋಗಿ ಕೂರುತ್ತಿದ್ದೆ. ಮಾತೆಲ್ಲ ಅವರೂರಿನ ದೊಡ್ಡ ಚರ್ಚಿನದು. ಕಂಬಗಳಿಗೆ ಒಂದು ಸಾಲು ಕಪ್ಪು, ಒಂದು ಸಾಲು ಬಿಳಿ ಅಮೃತಶಿಲೆಯಂತೆ. ಅದನ್ನೂ ಮೀರಿಸಿದ್ದು ನೆಲವಂತೆ. ಕಲ್ಲಿನೊಳಗೆ ಕಲ್ಲು ಕೂರಿಸಿ, ತಲೆಮಾರಿನ ಮೇಲೆ ತಲೆಮಾರು ದುಡಿದು, ಇಡೀ ನೆಲವನ್ನೇ ಚಿತ್ರ ಮಾಡಿದ್ದಾರೆ. ಸವೆಯದಿರಲೆಂದು ವರ್ಷದ ಬಹುಪಾಲು ಮುಚ್ಚಿಟ್ಟು, ಕೆಲವೇ ವಾರ ತೆರೆಯುತ್ತಾರೆ. ಆ ದಿನಗಳಲ್ಲಿ ಅಪ್ಪನ ಕೈಹಿಡಿದು ಆ ಮುಖಗಳ ಮೇಲೆ ಬರಿಗಾಲಲ್ಲಿ ನಡೆದಿದ್ದರಂತೆ ಸಿಸ್ಟರ್.

ಹಿಂದೆ ಆ ಚರ್ಚನ್ನು ಇನ್ನೂ ದೊಡ್ಡದು ಮಾಡಲು ಹೊರಟಾಗ ಊರಿಗೆ ಪ್ಲೇಗು ಬಂತು. ಕಟ್ಟುವವರೇ ಸತ್ತರು. ಅರ್ಧಕ್ಕೆ ನಿಂತ ಗೋಡೆ ಇವತ್ತಿಗೂ ನಿಂತಿದೆ. "ನಮ್ಮೂರಲ್ಲಿ ಮುಗೀದೇ ಇದ್ದಿದ್ದನ್ನೂ ಇಟ್ಕೋತಾರೆ ಕಣೇ. ಕೆಡವಲ್ಲ," ಎನ್ನುವರು.

ತಾವಿನ್ನು ಊರಿಗೆ ಹೋಗುವುದಿಲ್ಲವೆಂದು ಖಚಿತವಾದ ಮೇಲೆ ಅವರು ಕಾನ್ವೆಂಟಿನ ಮುಖ್ಯಸ್ಥೆ ಮದರನ್ನು ಕೇಳಿಕೊಂಡದ್ದು ಒಂದೇ, ಶಾಲೆಯ ವರಾಂಡದ ಬಾಗಿಲಲ್ಲಿ ಒಂದು ಚಾಪೆಯಗಲ ಜಾಗ. ಆ ನೆಲದ ಒಂದು ತುಂಡಾದರೂ ಕಾಲಡಿ ಇರಲಿ, ಅದರ ಮೇಲೆ ಮಕ್ಕಳು ಓಡಾಡುವುದನ್ನು ನೋಡಿ ಸಾಯುತ್ತೇನೆ ಎಂದರು. ಮದರ್ ಒಪ್ಪಿದರು. ಮಾಗಡಿ ರಸ್ತೆಯ ಮೊಸಾಯಿಕ್ ಕಾರ್ಖಾನೆಯಿಂದ ಬಿಳಿ ಚೂರು, ಒಡೆದ ಅಡುಗೆಕಟ್ಟೆಗಳಿಂದ ಕಪ್ಪು ಕಡಪಾ ಕಲ್ಲು ಬಂತು. ನಾನು ಚೂರು ಮಾಡಿಕೊಡುತ್ತಿದ್ದೆ.

"ಅದೇನು ಹುಳಿಗೆ ತರಕಾರಿ ಹೆಚ್ದಂಗೆ ಹೆಚ್ತೀಯಾ! ಮೆಲ್ಲಗೆ!" ಎಂದು ಗದರುವರು.

ಕಪ್ಪು ಹಿನ್ನೆಲೆಯಲ್ಲಿ ಬಿಳಿ ಬಟ್ಟೆಯ ಒಬ್ಬ ಹೆಂಗಸು ಮೂಡಿದಳು. ಏಸುವಿಗಿಂತ ಮುಂಚಿನ ಕಾಲದವಳು, ಭವಿಷ್ಯ ನುಡಿಯುವವಳು. ಅಂಥವರು ಆ ಚರ್ಚಿನ ನೆಲದ ತುಂಬ ಇದ್ದಾರಂತೆ. ಇವಳ ಕೈಯಲ್ಲಿ ಒಂದು ಪುಸ್ತಕ.

ಬೇಸಿಗೆ ರಜೆ ಮುಗಿದು ಶಾಲೆ ತೆರೆದ ದಿನ ಪಕ್ಕದ ಪೋರ್ಷನ್ನಿನಾಕೆ ಮಗಳನ್ನು ಬಿಡಲು ಬಂದವರು ಬಾಗಿಲಲ್ಲೇ ನಿಂತುಬಿಟ್ಟರು. "ಅಯ್ಯೋ ಶಿವನೇ, ಸರಸ್ವತೀನ ತಗೊಂಡೋಗಿ ನೆಲಕ್ಕೆ ಹಾಕಿದಾರಲ್ರೀ!" ಮಗಳು ಲಂಗ ಎತ್ತಿಕೊಂಡು ಹಾರಿದಳು. ಅವಳ ಹಿಂದೆ ಎಲ್ಲರೂ ಹಾರಿದರು.

"ತುಳೀರಿ! ತುಳೀಲಿ ಅಂತ್ಲೇ ಮಾಡಿರೋದು!" ಸಿಸ್ಟರ್ ಕೈ ಚಾಚಿ ಕರೆದರು. "ಅವಳು ದೇವ್ರಲ್ಲ ಕಣ್ರೀ!"

"ದೇವ್ರೋ ಅಲ್ವೋ, ಪುಸ್ತಕ ಇದೆಯಲ್ಲ ಸಿಸ್ಟರ್. ಪುಸ್ತಕ ತುಳಿಯೋಕಾಗುತ್ತಾ?"

ಆಯಾ ಅಲ್ಲಿಗೆ ಪೊರಕೆ ತಾಗಿಸಲಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿ ದಾಸವಾಳ ಇಟ್ಟಳು. ವಾರದೊಳಗೆ ಕುಂಕುಮ ಬಂತು. ಪರೀಕ್ಷೆಯ ದಿನ ಹುಡುಗಿಯರು ಪೆನ್ನುಗಳನ್ನು ಸಾಲಾಗಿ ಇಟ್ಟು ಕೈಮುಗಿದರು.

ಒಂದು ಮಧ್ಯಾಹ್ನ ಸಿಸ್ಟರ್ ನನ್ನ ಕೈ ಹಿಡಿದು, "ನೀನಾದ್ರೂ ನಡಿಯೇ," ಎಂದರು. ಚಪ್ಪಲಿ ಬಿಟ್ಟು ನಡೆದೆ. ಕಲ್ಲು ತಣ್ಣಗಿತ್ತು. ಆಚೆ ದಡಕ್ಕೆ ಹೋದವಳು, ಪುಸ್ತಕಕ್ಕೆ ಕಾಲು ತಾಗಿದರೆ ಮಾಡುವಂತೆ, ಬಗ್ಗಿ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡೆ. ನನಗೇ ತಿಳಿಯದೆ ಆಗಿಹೋಯಿತು. ತಿರುಗಿದರೆ ಸಿಸ್ಟರ್ ನನ್ನನ್ನೇ ನೋಡುತ್ತಿದ್ದರು.

"ನೀನೂನಾ," ಎಂದರು, ಅಷ್ಟೇ.

ಮದರಿಗೂ ಸಾಕಾಗಿತ್ತು. "ಹೀಗೇ ಬಿಟ್ರೆ ನಾಳೆ ಮಂಗಳಾರತಿ ತಟ್ಟೆ ಬರುತ್ತೆ. ಮುಚ್ಚಿಸಿ," ಎಂದರು. ಸಿಸ್ಟರ್ ಎದುರಾಡಲಿಲ್ಲ. "ಹಲಗೆ ಹಾಕಿ ಮದರ್. ನಮ್ಮೂರಲ್ಲೂ ಮುಚ್ತಾರೆ. ಬೇಕಾದಾಗ ತೆಗೀಬಹುದು," ಎಂದು ಮಾತ್ರ ಬೇಡಿದರು. ಹಲಗೆಗೆ ಗೆದ್ದಲು ಹಿಡಿಯುತ್ತದೆ, ಮಕ್ಕಳು ಎಡವುತ್ತಾರೆ ಎಂದಾಯಿತು. ಸಿಮೆಂಟು ಹಾಕಿ ರೆಡ್ ಆಕ್ಸೈಡ್ ಬಳಿಯುವುದೆಂದು ನಿರ್ಧಾರವಾಯಿತು.

ನುಣುಪು ಕಲ್ಲಿಗೆ ಸಿಮೆಂಟು ಹಿಡಿಯುವುದಿಲ್ಲ. ಗಾರೆಯವನು ಮೊದಲು ಚಾಣದಿಂದ ಮೈಯೆಲ್ಲಾ ಕಚ್ಚು ಹಾಕಿದ. ಹಣೆ, ಕಣ್ಣು, ಪುಸ್ತಕ ಎಲ್ಲ. ಸಿಸ್ಟರ್ ಒಳಗೆ ಡ್ರಾಯಿಂಗ್ ಕೋಣೆಯಲ್ಲಿ ಕೂತು ಆ ಸದ್ದು ಕೇಳುತ್ತಿದ್ದರು. ಪ್ರತಿ ಏಟಿಗೂ ಅವರ ರೆಪ್ಪೆ ಅದುರುತ್ತಿತ್ತು. ಸದ್ದು ನಿಂತಾಗ, "ಇನ್ನು ತೆಗೆದ್ರೂ ಅವಳಿರಲ್ಲ," ಎಂದರು. ಅದಾದ ಮೇಲೆ ಅವರ ಬಾಯಲ್ಲಿ ಸಿಯೆನಾ ಬರಲಿಲ್ಲ. ಕೈಗೆ ಬಳಪವನ್ನೂ ಹಿಡಿಯಲಿಲ್ಲ. ಕೆಲವೇ ದಿನಗಳಲ್ಲಿ ಬೆರಳಿನ ಸೀಳು ಕೂಡಿಕೊಂಡು ಚರ್ಮ ಮಗುವಿನದರಂತೆ ನುಣ್ಣಗಾಯಿತು. ನನಗೆ ಅದನ್ನು ನೋಡಲಾಗುತ್ತಿರಲಿಲ್ಲ.

ಆ ಬೆಳಿಗ್ಗೆ ಆಯಾ ಹೇಳಿದ್ದೇ ರಂಗೋಲಿಯನ್ನು ಅರ್ಧಕ್ಕೇ ಬಿಟ್ಟು ಹೋದೆ. ಶವಪೆಟ್ಟಿಗೆಯನ್ನು ವರಾಂಡದ ಬಾಗಿಲಲ್ಲೇ ಇಟ್ಟಿದ್ದರು, ಸರಿಯಾಗಿ ಸಿಮೆಂಟಿನಡಿಯ ಅವಳ ಮೇಲೆ. ಬೀದಿಗೆ ಬೀದಿಯೇ ಬಂದಿತ್ತು. ಮಕ್ಕಳು, ತಾಯಂದಿರು, ಸೊಪ್ಪಿನವಳು, ಪಕ್ಕದ ಪೋರ್ಷನ್ನಿನಾಕೆ, ಎಲ್ಲರೂ ಅತ್ತರು. ಅಳುತ್ತಾ ಆ ಕೆಂಪು ನೆಲದ ಮೇಲೆ ಅತ್ತಿತ್ತ ಓಡಾಡಿದರು. ಸಿಸ್ಟರ್ ನೋಡಬೇಕೆಂದಿದ್ದ ಓಡಾಟ. ಅವರ ಕಣ್ಣು ಮುಚ್ಚಿತ್ತು.

ಮಣ್ಣು ಮುಗಿಸಿ ಬಂದು ಸ್ನಾನ ಮಾಡಿ, ಸಂಜೆ ಹೊಸ್ತಿಲಲ್ಲಿ ಕೂತಿದ್ದೆ. ಪಕ್ಕದಾಕೆ ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡು ಬಂದು ಪಕ್ಕದಲ್ಲೇ ಕೂತರು.

"ಪಾಪ, ಒಳ್ಳೇ ಜೀವ," ಎಂದು ನಿಟ್ಟುಸಿರಿಟ್ಟರು. ಆಮೇಲೆ ಪಾದ ಉಜ್ಜಿಕೊಳ್ಳುತ್ತಾ, "ಏನೇ ಹೇಳಿ, ಆ ಕಾನ್ವೆಂಟಿನ ಬಾಗಿಲ ನೆಲ ಒಳ್ಳೇ ಕನ್ನಡಿ ಹಂಗಿದೆ ಕಣ್ರೀ. ನಮ್ಮ ಓನರ್‌ಗೂ ಹೇಳಿ ಹಂಗೇ ಮಾಡಿಸೋಣ," ಎಂದರು.