ಗಂಡ ಎತ್ತರಿಸಿದ ಅಂಗಳ, ಹೆಂಡತಿ ತೋಡಿದ ಕಾಲುವೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹಿಂದಿನ ಕೋಣೆಯ ಗೋಡೆಯ ಪಕ್ಕದಲ್ಲಿ ಆಕೆ ಮಂಡಿಯೂರಿ ಕುಳಿತು, ಚಾಣದ ತಲೆಗೆ ಸುತ್ತಿಗೆಯಿಂದ ಹೊಡೆಯುತ್ತಿದ್ದಾರೆ. ಕಾಂಕ್ರೀಟು ಬೆರಳಗಲ ಏಳುತ್ತದೆ, ಮತ್ತೆ ಮೊಂಡು ಹಿಡಿಯುತ್ತದೆ. ಏಳು ಗಂಟೆಗೆ ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸಕ್ಕೆ ಹಾಜರಾಗಬೇಕು. ಅಷ್ಟರೊಳಗೆ ಮೊಳದುದ್ದವಾದರೂ ಒಡೆಯಬೇಕೆಂಬುದು ಆಕೆಯ ಹಟ.

"ಮೆಲ್ಲಗೆ ಹೊಡಿಯೇ, ಗೋಡೆಗೆ ಪೆಟ್ಟಾದೀತು!" ಕಿಟಕಿಯೊಳಗಿಂದ ಗಂಡನ ದನಿ.

"ಆಗಲ್ಲ, ಸುಮ್ನೆ ಮಲ್ಕೊಳ್ಳಿ," ಎನ್ನುತ್ತಾರೆ, ತಲೆ ಎತ್ತದೆ.

ಆತ ಮೇಸ್ತ್ರಿ. ಕಟ್ಟಡದ ಸಾರುವೆಯಿಂದ ಬಿದ್ದ ಮೇಲೆ ಸೊಂಟದ ಕೆಳಗೆ ಶಕ್ತಿಯಿಲ್ಲ. ಮಳೆ ಬಂತೆಂದರೆ ಅಂಗಳದ ನೀರೆಲ್ಲ ಹೊಸ್ತಿಲು ದಾಟಿ ಅವರ ಮಂಚದ ಕೆಳಗೆ ನಿಲ್ಲುತ್ತದೆ. ಗೋಡೆಗೆ ಬೂಷ್ಟು, ಅವರಿಗೆ ಉಬ್ಬಸ. ಕಳೆದ ಮಳೆಗಾಲದಲ್ಲಿ ಜೀವವೇ ಬಾಯಿಗೆ ಬಂದಿತ್ತು. ಆಗಲೇ ಮೇಸ್ತ್ರಿಯ ಅಕ್ಕ ಖಡಾಖಂಡಿತವಾಗಿ ಹೇಳಿಬಿಟ್ಟರು: ಇನ್ನೊಂದು ಸಲ ನೀರು ಒಳಗೆ ಬಂದರೆ ತಮ್ಮನನ್ನು ಕರೆದುಕೊಂಡು ಹೋಗುತ್ತೇನೆ.

"ಅತ್ತಿಗೆ ಹೇಳಿದ್ದು ತಪ್ಪಲ್ಲ. ಆದ್ರೆ ಇವ್ರನ್ನ ಕಳ್ಸಿ, ಈ ಮನೇಲಿ ನಾನು ಯಾರ ಮುಖ ನೋಡ್ಕೊಂಡಿರ್ಲಿ?" ಎನ್ನುತ್ತಾರೆ ಆಕೆ.

ನೀರು ಒಳಗೆ ಬರುವುದಕ್ಕೆ ಕಾರಣ ಕೇಳಿದರೆ ನಗುವುದೋ ಅಳುವುದೋ ತಿಳಿಯದು. ಸಂಜೆ ಕೆಲಸ ಮುಗಿದಾಗ ಮಿಕ್ಕ ಕಾಂಕ್ರೀಟನ್ನು ಮೇಸ್ತ್ರಿ ಬಕೆಟ್ಟಿನಲ್ಲಿ ಮನೆಗೆ ತರುತ್ತಿದ್ದರು, ಚೆಲ್ಲಲು ಮನಸ್ಸು ಬಾರದೆ ಅಂಗಳಕ್ಕೆ ಬಳಿಯುತ್ತಿದ್ದರು. ಪದರದ ಮೇಲೆ ಪದರ ಕೂತು ಅಂಗಳವೇ ಕೋಣೆಯ ನೆಲಕ್ಕಿಂತ ಮೇಲಾಯಿತು. "ಊರವ್ರ ಮನೆಗೆಲ್ಲ ಮಟ್ಟ ನೋಡ್ದೆ. ನಮ್ಮನೇದು ನೋಡ್ಲೇ ಇಲ್ಲ," ಎನ್ನುತ್ತಾರೆ ಮೇಸ್ತ್ರಿ. ಅಂಗಳ ಒಡೆದು ಗೋಡೆಯುದ್ದಕ್ಕೂ ಕಾಲುವೆ ತೋಡುತ್ತೇನೆಂದು ಹೆಂಡತಿ ಹೇಳಿದ ದಿನ ಅವರು ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದ್ದರಂತೆ. ಕೈಯಾರೆ ಹಾಕಿದ ನೆಲ, ಪಾಪ.

ಈಗ ಅವರೇ ಗುರು. ಮಟ್ಟ ನೋಡುವ, ನೀರು ತುಂಬಿದ ಪಾರದರ್ಶಕ ಪೈಪಿನ ಒಂದು ತುದಿಯನ್ನು ಮಲಗಿದಲ್ಲೇ ಕಿಟಕಿಯ ಗುರುತಿಗೆ ಹಿಡಿಯುತ್ತಾರೆ. ಇನ್ನೊಂದು ತುದಿಯನ್ನು ಹೆಂಡತಿ ಕಾಲುವೆಯುದ್ದಕ್ಕೂ ಒಯ್ಯುತ್ತಾ ಇಳಿಜಾರು ಅಳೆಯುತ್ತಾರೆ. ಮೊದಲ ಸಲ, ನೀರು ಒಳಗೆಳೆದು ಹೊರಗೆ ಸಾಗಿಸಲೆಂದು ಕಾಲುವೆಯಲ್ಲಿ ಹೂತ ತೂತಿನ ಪೈಪಿನ ಮೇಲೆ ಬರೀ ಮಣ್ಣು ಮುಚ್ಚಿ, ತೂತೆಲ್ಲ ಕಟ್ಟಿಕೊಂಡು, ಇಡೀ ಕಾಲುವೆಯನ್ನು ಮತ್ತೆ ಅಗೆದದ್ದೂ ಆಯಿತು. ಈ ಸಲ ಕೆಳಗೂ ಮೇಲೂ ಜಲ್ಲಿ. ಪೈಪಿನ ಕೊನೆ ಬೀದಿಯ ಚರಂಡಿಗೆ.

ಕಾಲುವೆ ಮುಗಿದ ಮೇಲೆ ನಾನು ಅವರ ಮನೆಗೆ ಎರಡನೇ ಸಲ ಹೋದ ಭಾನುವಾರ ಮಳೆ ಧೋ ಎಂದು ಸುರಿಯುತ್ತದೆ. ಮೇಸ್ತ್ರಿಯ ಅಕ್ಕ ಬಾಡಿಗೆ ವ್ಯಾನು ಮಾಡಿಕೊಂಡೇ ಬಂದಿದ್ದಾರೆ. ಯಾರನ್ನೂ ಮಾತಾಡಿಸದೆ ಬಗ್ಗಿ ಮಂಚದ ಕೆಳಗೆ ಅಂಗೈ ಊರುತ್ತಾರೆ. ಆಚೆ ಮೂಲೆಯಲ್ಲೂ ಊರಿ ನೋಡುತ್ತಾರೆ. ಅಂಗೈ ಒಣಗಿಯೇ ಇದೆ. ಆಮೇಲೆ ಹೊರಗೆ ಹೋಗಿ ವ್ಯಾನನ್ನು ವಾಪಸು ಕಳಿಸಿ ಬರುತ್ತಾರೆ.

ಹೊರಡುವಾಗ ಆಕೆಯನ್ನು ಕೇಳುತ್ತೇನೆ, ಇನ್ನೇನಮ್ಮಾ ಆಸೆ?

"ಏನಿಲ್ಲ ಬಿಡಿ. ಇವ್ರು ಯಾರ ಕೆಲಸಾನೂ ಹೊಗಳಿದವ್ರಲ್ಲ. ಮಳೆ ಸದ್ದು ಕೇಳ್ತಾ ಕೇಳ್ತಾ, 'ಮಟ್ಟ ಸರಿಯಾಗಿದೆ ಕಣೇ' ಅಂದ್ರು. ಮೇಸ್ತ್ರಿ ಬಾಯಲ್ಲಿ ಅದಕ್ಕಿಂತ ದೊಡ್ಡ ಮಾತಿಲ್ಲ."